ತಂಗಿಯ ಗಾಡಿ ಎಳೆಯದಿದ್ದ ವರ್ಷ

ಮಾನ್ವಿಯಲ್ಲಿ ಸಿಂಧನೂರು ರಸ್ತೆಗೆ ಹತ್ತಿಕೊಂಡು ನನ್ನದೊಂದು ಗ್ಯಾರೇಜಿದೆ. ದೊಡ್ಡ ಗಾಡಿ ಮುಟ್ಟುವುದಿಲ್ಲ. ಮೊಪೆಡ್ಡು, ಹತ್ತಿಗೆ ಔಷಧಿ ಹೊಡೆಯುವ ಪಂಪು, ಬದುವಿನ ಹುಲ್ಲು ಕೊಯ್ಯುವ ಯಂತ್ರ, ಅಂಗಡಿಯವರ ಸಣ್ಣ ಜನರೇಟರು, ಇಂಥ ಪೆಟ್ರೋಲ್ ಇಂಜಿನ್ನುಗಳೇ ನನ್ನ ಕಸುಬು. ತಂದವರಲ್ಲಿ ಮುಕ್ಕಾಲು ಪಾಲು ಜನ ಬಂದ ಕೂಡಲೇ ಹೇಳುವುದು ಒಂದೇ ಮಾತು: ನಾವೇನೂ ಮಾಡಿಲ್ಲ, ತಾನಾಗೇ ಕೆಟ್ಟಿತು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇಂಜಿನ್ನಿಗೆ ಬೇಸರ ಬರುವುದಿಲ್ಲ, ಅದು ಮುನಿಸಿಕೊಂಡು ಮಲಗುವುದಿಲ್ಲ. ಕಿಡಿ ಬೀಳಬೇಕು, ಪೆಟ್ರೋಲು ಬರಬೇಕು, ಗಾಳಿ ಸೇರಬೇಕು, ಪಿಸ್ಟನ್ನು ಬಿಗಿಯಾಗಿ ಒತ್ತಬೇಕು, ಸುಟ್ಟ ಹೊಗೆ ಸಲೀಸಾಗಿ ಹೊರಗೆ ಹೋಗಬೇಕು. ಇಷ್ಟಿದ್ದರೆ ಅದು ಓಡಲೇಬೇಕು. ಓಡದಿದ್ದರೆ ಎಲ್ಲೋ ಒಂದು ಕಡೆ ಸವೆತವೋ ಕಸವೋ ಯಾರದೋ ಕೈಯೋ ಇದೆ. ಹುಡುಕಬೇಕು ಅಷ್ಟೆ.

ಈ ಸಿಟ್ಟು ಕಸುಬಿನದು ಎಂದು ಜನ ತಿಳಿದಿದ್ದಾರೆ. ಅರ್ಧ ಅದೂ ನಿಜ. ಉಳಿದರ್ಧ ನನ್ನ ತಂಗಿಯ ಮೊಪೆಡ್ಡಿನಿಂದ ಬಂದದ್ದು.

ನಮ್ಮೂರು ದೇವದುರ್ಗ ತಾಲೂಕಿನಲ್ಲಿ, ಗೂಗಲ್ಲಿನಿಂದ ಸ್ವಲ್ಪ ಮುಂದೆ, ಹೊಳೆಯ ದಂಡೆಗೆ. ಅಪ್ಪ ಅವ್ವ ಇಬ್ಬರೂ ಕಂಡವರ ಹತ್ತಿ ಹೊಲದಲ್ಲಿ ದುಡಿದು ನಮ್ಮನ್ನು ಓದಿಸಿದರು. ನಾನು ಐಟಿಐ ಮುಗಿಸಿ ಮೆಕ್ಯಾನಿಕ್ಕಾಗಿ ಕೈಗೆ ಪಾನಾ ಹಿಡಿದೆ. ತಂಗಿ ನನಗಿಂತ ಜಾಣೆ. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದಿದಳು. ಅಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಓಣಿಯಲ್ಲಿ ಜ್ವರ ಬಂದರೆ ಈಗಲೂ ಮೊದಲು ಹೋಗುವುದು ಅವಳಿಗೆ ಫೋನು, ಆಮೇಲೆ ಡಾಕ್ಟರಿಗೆ.

ಅವಳನ್ನು ಕಲ್ಮಲಕ್ಕೆ ಕೊಟ್ಟೆವು. ಗಂಡ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಎತ್ತರದ ದನಿಯಲ್ಲಿ ಒಂದು ಮಾತಿಲ್ಲ. ಮದುವೆಗೆ ಮೊದಲೇ ತಂಗಿ ಕೇಳಿದ್ದಳು, ನಾನು ಕೆಲಸ ಬಿಡುವುದಿಲ್ಲ, ಒಪ್ಪಿಗೆಯೋ ಎಂದು. ಅವನೂ ಅವನ ಮನೆಯವರೂ ಒಪ್ಪಿದ್ದರು. ಕಲ್ಮಲದಿಂದ ರಾಯಚೂರಿಗೆ ಬಸ್ಸಿಗೇನೂ ಕೊರತೆಯಿಲ್ಲ. ಆದರೆ ಆಸ್ಪತ್ರೆಯ ಪಾಳಿ ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲ. ಅದಕ್ಕೇ ನಾನು ಅವಳಿಗೊಂದು ಹಳೆಯ ಮೊಪೆಡ್ ಕೊಟ್ಟೆ.

ಹಳೆಯದು ಎಂದರೆ ಹೊರಗಿನ ತಗಡು ಮಾತ್ರ. ಇಂಜಿನ್ನನ್ನು ಪೂರಾ ಬಿಚ್ಚಿ ನಾನೇ ಕಟ್ಟಿದ್ದೆ. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹೊಸ ರಿಂಗು ಕೂಡಿಸಿ, ಬೇರಿಂಗು ಸೀಲು ಬದಲಿಸಿ, ಕಾರ್ಬೊರೇಟರನ್ನು ಕನ್ನಡಿಯ ಹಾಗೆ ತೊಳೆದಿದ್ದೆ. ನನ್ನ ಕೈಯಿಂದ ಹೋದ ಇಂಜಿನ್ನುಗಳಲ್ಲಿ ಅಷ್ಟು ಮುದ್ದಾಗಿ ಕಟ್ಟಿದ್ದು ಬೇರೆ ಇಲ್ಲ. ಬಿಸಿಯಾದ ಮೇಲೆ ಅದರ ದನಿ ಕೇಳುತ್ತ ನಿಂತರೆ ಊಟ ಮರೆಯಬೇಕು, ಹಾಗಿತ್ತು.

ಮೊದಲ ಸಲ ಅದು ಕೆಟ್ಟು ಬಂದಾಗ ಮಳೆಗಾಲ. ತಂಗಿಯ ಗಂಡ ಒಂದು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಾನ್ವಿಗೆ ತಂದ. ರಾಯಚೂರಿನಲ್ಲೇ ಯಾರಿಗಾದರೂ ತೋರಿಸಬಹುದಿತ್ತಲ್ಲ ಎಂದು ಕೇಳಿದರೆ, ನೀವಿರುವಾಗ ಬೇರೆಯವರ ಕೈ ಯಾಕೆ ಎಂದ. ನನಗೆ ಹಿಗ್ಗಾಯಿತು. ಚಹಾ ತರಿಸಿದೆ. ಕಾರ್ಬೊರೇಟರಿನ ಕೆಳಗೆ ಪೆಟ್ರೋಲು ನಿಲ್ಲುವ ಸಣ್ಣ ಬಟ್ಟಲಿರುತ್ತದೆ. ಅದನ್ನು ಬಿಚ್ಚಿ ಅಂಗೈಗೆ ಸುರುವಿಕೊಂಡರೆ ತಳದಲ್ಲಿ ನೀರಿನ ಗುಳ್ಳೆಗಳು ಮುತ್ತಿನ ಹಾಗೆ ಓಡಾಡಿದವು. ಟ್ಯಾಂಕಿನಲ್ಲೂ ನೀರು. ನನ್ನ ಪಿತ್ತ ನೆತ್ತಿಗೇರಿತು. ಅವಳು ಎಲ್ಲಿ ಪೆಟ್ರೋಲು ಹಾಕಿಸುತ್ತಾಳೆ ಎಂದು ಕೇಳಿಕೊಂಡು, ಆ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಆ ಬಂಕಿಗೇ ಹೋಗಿ ಜಗಳ ತೆಗೆದೆ. ಬಂಕಿನವನು ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡಿ ತೋರಿಸಿದ, ಹನಿ ನೀರಿರಲಿಲ್ಲ. ನಾನು ನಂಬಲಿಲ್ಲ. ಕಳ್ಳರು ನೀವು ಎಂದು ಹತ್ತು ಜನರೆದುರಿಗೆ ಅಂದು ಬಂದೆ.

ಗಾಡಿ ತೊಳೆದು ಒಣಗಿಸಿ ಸರಿ ಮಾಡುವಾಗ ತಂಗಿಯ ಗಂಡ ಪಕ್ಕದಲ್ಲೇ ಕೂತಿದ್ದ. ನೀರಲ್ಲದೆ ಇನ್ನೇನೇನು ಕಾರಣಕ್ಕೆ ಗಾಡಿ ನಿಲ್ಲುತ್ತದೆ ಎಂದು ಕೇಳಿದ. ಕಸುಬಿನ ಬಗ್ಗೆ ಕೇಳುವವರು ನನಗೆ ಕಡಿಮೆ. ಕೇಳಿದರೆ ಬಾಯಿಗೆ ಬೀಗವಿಲ್ಲ. ನುಣ್ಣಗಿನ ಮಣ್ಣು ಟ್ಯಾಂಕಿಗೆ ಹೋದರೆ ಜೆಟ್ ಎಂಬ ಕೂದಲೆಳೆಯಷ್ಟು ತೂತು ಮುಚ್ಚಿಕೊಳ್ಳುತ್ತದೆ, ಗಾಡಿ ಶುರುವಾಗುತ್ತದೆ, ಆದರೆ ದಾರಿಯಲ್ಲಿ ಕೈಕೊಡುತ್ತದೆ ಎಂದು ವಿವರಿಸಿ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

ಸುಗ್ಗಿಯ ಹೊತ್ತಿಗೆ ಗಾಡಿ ಮತ್ತೆ ಬಂತು. ಈ ಸಲ ಬಟ್ಟಲಿನ ತಳದಲ್ಲಿ ಕೆಂಪು ಮಣ್ಣು, ಪೌಡರಿನಷ್ಟು ನುಣುಪು. ಭತ್ತದ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು, ಟ್ಯಾಂಕಿನ ಮುಚ್ಚಳದ ರಬ್ಬರು ಸಡಿಲಾಗಿರಬೇಕು ಎಂದುಕೊಂಡೆ. ರಬ್ಬರು ಬದಲಿಸಿದೆ. ಸ್ಪೇರ್ ಬರಲು ತಡವಾಗಿ ಗಾಡಿ ನನ್ನಲ್ಲೇ ಒಂದು ವಾರದ ಮೇಲೆ ನಿಂತಿತು. ಅಷ್ಟರಲ್ಲಿ ತಂಗಿ ಫೋನು ಮಾಡಿದಳು. ರಜೆ ಮೇಲೆ ರಜೆಯಾಗಿ ಆಸ್ಪತ್ರೆಯಲ್ಲಿ ಮೇಲಿನವರು ಮುಖ ಸಿಂಡರಿಸುತ್ತಿದ್ದಾರೆ, ಬೇಗ ಸರಿ ಮಾಡಿ ಕಳಿಸು ಎಂದಳು. ದನಿ ಸಣ್ಣದಾಗಿತ್ತು. ಅವಳ ಅತ್ತೆ ಊರ ತುಂಬ ಹೇಳಿಕೊಂಡು ಬರುತ್ತಿದ್ದಾಳೆಂಬ ಮಾತೂ ಬೇರೆಯವರ ಬಾಯಿಂದ ನನ್ನ ಕಿವಿಗೆ ಬಿತ್ತು: ಅಣ್ಣ ಮೆಕ್ಯಾನಿಕ್ಕಂತೆ, ತಂಗಿಗೆ ಗುಜರಿ ಕೊಟ್ಟಿದ್ದಾನಂತೆ.

ಗುಜರಿ ಎಂಬ ಆ ಒಂದು ಶಬ್ದಕ್ಕೆ ನಾನು ಎಷ್ಟೋ ದಿನ ಹಲ್ಲು ಕಡಿದೆ. ಗಂಡನೊಬ್ಬನೇ ನನ್ನ ಪರ ಮಾತಾಡಿದ. ನಮ್ಮ ಅವ್ವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಗಾಡಿ ಒಯ್ಯಲು ಬಂದಾಗ ಮತ್ತೆ ಕೂತು ಕೇಳಿದ, ನೀರು ಮಣ್ಣು ಎರಡೂ ಇಲ್ಲದಿದ್ದರೂ ಗಾಡಿ ಎಳೆಯದೆ ಇರಬಹುದೇ ಎಂದು. ಇರಬಹುದು ಎಂದೆ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಉಸಿರು ಒಳಗೆ ಬರುವುದಿಲ್ಲ, ಮೂಗು ಹಿಡಿದ ಹಾಗಾಗುತ್ತದೆ ಎಂದೆ. ಸೈಲೆನ್ಸರಿನ ಬಾಲದ ಬಳಿಯ ಸ್ಕ್ರೂ ತೋರಿಸಿ, ಇದನ್ನು ಬಿಚ್ಚಿದರೆ ಒಳಗಿನ ಕೊಳವೆ ಈಚೆ ಬರುತ್ತದೆ, ಕಟ್ಟಿದ ಮಸಿ ಕೆರೆದು ಹಾಕಬಹುದು ಎಂದು ಬಿಚ್ಚಿಯೇ ತೋರಿಸಿದೆ. ಒಳ್ಳೆಯ ಮನುಷ್ಯ, ಹೆಂಡತಿಯ ಗಾಡಿ ಬಗ್ಗೆ ಎಷ್ಟು ಕಾಳಜಿ ಎಂದು ಮನೆಗೆ ಹೋಗಿ ನನ್ನ ಹೆಂಡತಿಗೂ ಹೇಳಿದೆ.

ಮೂರನೆಯ ಸಲ ಬೇಸಿಗೆ. ಗಾಡಿ ತಂದು ಇಳಿಸಿದ ತಂಗಿಯ ಗಂಡ ಅಂಗಡಿಗೆ ಹೊತ್ತಾಯಿತೆಂದು ಅದೇ ಆಟೋದಲ್ಲಿ ತಿರುಗಿ ಹೋದ. ಹೋಗುವಾಗ ಒಂದು ಮಾತು ಹೇಳಿದ.

"ಅಣ್ಣಾರ, ಇನ್ನ ಆ ಗಾಡಿ ಹಣಿಬರಾನ ಅಷ್ಟಂತ ಕಾಣ್ತದ. ಆಕಿಗೂ ಸಾಕಾಗ್ಯಾದ. ಡ್ಯೂಟಿ ಬಿಟ್ಟು ಮನ್ಯಾಗ ಇರ್ತೀನಿ ಅನ್ನಾಕತ್ತಾಳ."

ಬೇರೆ ಎಲ್ಲ ಕೆಲಸ ಬದಿಗೆ ಸರಿಸಿ ಆ ಗಾಡಿಯ ಮುಂದೆ ಕೂತೆ. ಪ್ಲಗ್ ಬಿಚ್ಚಿದೆ. ಒದ್ದೆಯಾಗಿ ಕರ್ರಗಿತ್ತು, ಒರೆಸಿ ತಾಗಿಸಿದರೆ ನೀಲಿ ಕಿಡಿ ಚಟಚಟ ಬಿತ್ತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ಹೊಡೆದರೆ ಬೆರಳು ಎಗರಿ ಹೋಯಿತು, ಒತ್ತಡ ಗಟ್ಟಿಮುಟ್ಟು. ಬಟ್ಟಲು ಬಿಚ್ಚಿದೆ, ಪೆಟ್ರೋಲು ತಿಳಿ. ಗಾಳಿಯ ಜರಡಿ ಚೊಕ್ಕ. ಎಲ್ಲ ಕೂಡಿಸಿ ಶುರು ಮಾಡಿದೆ. ನಿಂತಲ್ಲಿ ಗೊರಗೊರ ಅನ್ನುತ್ತದೆ, ಎಕ್ಸಿಲರೇಟರ್ ತಿರುಗಿಸಿದರೆ ಕೆಮ್ಮಿ ಕುಸಿಯುತ್ತದೆ. ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರೆ ಉಸಿರು ಬಂದೂ ಬಾರದಷ್ಟು. ಸಿಲಿಂಡರಿಗೆ ಸೈಲೆನ್ಸರ್ ಕೂಡುವ ನಟ್ಟನ್ನು ಸಡಿಲಿಸಿದೆ. ಇಂಜಿನ್ನು ಒಮ್ಮೆಲೇ ಬಾಯಿ ಬಿಟ್ಟು ಕೂಗಿತು. ಎದುರಿನ ಕಿರಾಣಿ ಅಂಗಡಿಯವನು ಗಾಬರಿಯಾಗಿ ಹೊರಗೆ ಬಂದ.

ಬಾಲದ ಸ್ಕ್ರೂ ಬಿಚ್ಚಿ ಒಳಕೊಳವೆ ಎಳೆದೆ. ಅದರ ಹಿಂದೆ, ಒಳಗೆ ಆಳದಲ್ಲಿ, ಏನೋ ಅಡ್ಡವಾಗಿತ್ತು. ಕೊಕ್ಕೆ ಹಾಕಿ ಎಳೆದರೆ ಬಂದದ್ದು ಬಟ್ಟೆ. ಹಳೆಯ ಧೋತರದ ತುಂಡು. ನೀರಲ್ಲಿ ನೆನೆಸಿ ಗಟ್ಟಿಯಾಗಿ ಸುತ್ತಿ ಕಡ್ಡಿಯಿಂದ ತಳ್ಳಿದ್ದು. ಇಂಜಿನ್ನಿನ ಕಡೆಯ ಬದಿ ಸುಟ್ಟು ಕರಿಯಾಗಿತ್ತು, ಈ ಬದಿ ಇನ್ನೂ ಬಿಳಿ.

ಓಣಿಯ ಮಕ್ಕಳು ಆಟಕ್ಕೆ ತುರುಕಿರಬಹುದು ಎಂದು ಮೊದಲು ಅನ್ನಿಸಿತು. ಆದರೆ ಮಕ್ಕಳು ಸ್ಕ್ರೂ ಬಿಚ್ಚಿ, ಕೊಳವೆ ತೆಗೆದು, ಬಟ್ಟೆ ತುರುಕಿ, ಮತ್ತೆ ಕೊಳವೆ ಕೂಡಿಸಿ ವಾಷರ್ ಸಮೇತ ಸ್ಕ್ರೂ ಬಿಗಿ ಮಾಡುವುದಿಲ್ಲ. ಆ ಸ್ಕ್ರೂ ಯಾತಕ್ಕೆಂದು ಗೊತ್ತಿದ್ದವನೊಬ್ಬನೇ ಹಾಗೆ ಮಾಡಬಲ್ಲ. ಕೊಕ್ಕೆಯಲ್ಲಿ ಆ ಬಟ್ಟೆ ಹಿಡಿದುಕೊಂಡು ನಿಂತವನಿಗೆ ಹಿಂದಿನದೆಲ್ಲ ಸರಸರ ನೆನಪಾಯಿತು. ಮೊದಲು ನೀರು. ಆಮೇಲೆ ನಾನು ಮಣ್ಣಿನ ವಿಷಯ ಹೇಳಿದೆ, ಮಣ್ಣು ಬಂತು. ಸೈಲೆನ್ಸರಿನ ವಿಷಯ ಹೇಳಿದೆ, ಬಟ್ಟೆ ಬಂತು. ನನ್ನ ಚಹಾ ಕುಡಿಯುತ್ತ, ನನ್ನ ಮುಂದೆಯೇ ಕೂತು, ನನ್ನ ತಂಗಿಯ ಗಾಡಿಯನ್ನು ಹೇಗೆ ನಿಲ್ಲಿಸಬೇಕೆಂದು ಅವನು ನನ್ನಿಂದಲೇ ಪಾಠ ಹೇಳಿಸಿಕೊಂಡಿದ್ದ. ರಾಯಚೂರಿನಲ್ಲಿ ಅರ್ಧ ದಿನದಲ್ಲಿ ಆಗುವ ರಿಪೇರಿಗೆ ಮಾನ್ವಿಯ ತನಕ ಹೊತ್ತು ತರುತ್ತಿದ್ದುದು ಯಾಕೆ ಎಂಬುದೂ ಆಗಲೇ ಹೊಳೆಯಿತು. ಗಾಡಿ ಮಾನ್ವಿಯಲ್ಲಿದ್ದಷ್ಟು ದಿನವೂ, ಬಸ್ಸಿನ ಹೊತ್ತಿಗೆ ಕೂಡದ ಪಾಳಿಗಳಿಗೆಲ್ಲ ಅವಳು ಮನೆಯಲ್ಲೇ ಉಳಿಯುತ್ತಿದ್ದಳು.

ಸೈಲೆನ್ಸರ್ ಕೂಡಿಸಿ, ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು, ಆ ಮೊಪೆಡ್ಡನ್ನೇ ಹತ್ತಿ ಹೊರಟೆ. ಸಿರವಾರದ ಮೇಲೆ ಹಾಯ್ದು ಕಲ್ಮಲ. ದಾರಿಯುದ್ದಕ್ಕೂ ಗಾಡಿ ಹೂವೆತ್ತಿದ ಹಾಗೆ ಓಡಿತು. ಅದು ಚೆನ್ನಾಗಿ ಓಡಿದಷ್ಟೂ ನನ್ನ ಸಿಟ್ಟು ಏರುತ್ತ ಹೋಯಿತು.

ನಾನು ಮುಟ್ಟಿದಾಗ ತಂಗಿಯ ಗಂಡ ಊಟಕ್ಕೆಂದು ಅಂಗಡಿಯಿಂದ ಮನೆಗೆ ಬಂದಿದ್ದ. ಅತ್ತೆ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನಾನು ಬಟ್ಟೆ ತೆಗೆದು ಅವನ ಊಟದ ತಾಟಿನ ಪಕ್ಕಕ್ಕೆ ಒಗೆದೆ. ಇದೇನು ಎಂದು ಅವನು ಕೇಳಲಿಲ್ಲ. ಅದನ್ನೇ ನೋಡುತ್ತ ತುತ್ತು ನುಂಗಿದ. ಯಾಕೆ ಮಾಡಿದೆ ಎಂದು ನಾನು ಕೂಗಿದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವ ಮಾತುಗಳಲ್ಲ. ಅವನು ಕೈ ತೊಳೆದುಕೊಂಡು ಬಂದು ನಿಧಾನವಾಗಿ ಹೇಳಿದ:

"ನಾ ಆಕಿಗೆ ಹೊಡದಿಲ್ರಿ. ಬೈದಿಲ್ಲ. ಡ್ಯೂಟಿ ಬಿಡು ಅಂತ ಸೈತ ಬಾಯಿ ಬಿಟ್ಟು ಅಂದಿಲ್ಲ. ಗಾಡಿ ನಿಂದ್ರಿಸೀನಿ, ಅಷ್ಟ."

ಅವನ ದನಿಯಲ್ಲಿ ತಪ್ಪಿತಸ್ಥನ ಅಳುಕೇ ಇರಲಿಲ್ಲ. ಹೊಡೆಯದೆ ಇದ್ದದ್ದಕ್ಕೆ ನಾವು ಅವನಿಗೆ ಋಣಿಯಾಗಿರಬೇಕು ಎಂಬ ಹಾಗೆ ಹೇಳಿದ. ನಾನು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದೆ. ಅತ್ತೆ ಬೊಬ್ಬೆ ಹಾಕಿದಳು. ಆಗ ತಂಗಿ ಒಳಗಿನಿಂದ ಬಂದು ನನ್ನ ಕೈ ಬಿಡಿಸಿದಳು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿದ್ದಳು, ಬಸ್ಸಿಗೆ ಹೊರಟಿದ್ದಳಂತೆ. ಕೆಲಸ ಬಿಡುವ ಮಾತೇ ಅವಳು ಆಡಿರಲಿಲ್ಲ. ನೆಲದ ಮೇಲಿದ್ದ ಬಟ್ಟೆ ನೋಡಿದಳು. ಅವಳ ಮುಖದಲ್ಲಿ ಅಚ್ಚರಿ ಕಾಣಲಿಲ್ಲ.

"ನನಗ ಗೊತ್ತಿತ್ತಣ್ಣ," ಎಂದಳು.

ಎರಡನೆಯ ಸಲ ಗಾಡಿ ನನ್ನಲ್ಲಿಗೆ ಬರುವ ಮೊದಲೇ ಅವಳಿಗೆ ಗೊತ್ತಿತ್ತಂತೆ. ಬೆಳಗಿನ ಪಾಳಿಗೆ ಏಳುವಾಗ ಒಮ್ಮೆ ಅಂಗಳದಲ್ಲಿ ಅವನು ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿದ್ದುದನ್ನು ಕಿಟಕಿಯಿಂದ ಕಂಡಿದ್ದಳು. ಅಂದು ದಾರಿಯಲ್ಲಿ ಗಾಡಿ ನಿಂತಾಗ ಪಂಕ್ಚರ್ ಅಂಗಡಿಯವನ ಬಳಿ ಸ್ಕ್ರೂಡ್ರೈವರ್ ಇಸಿದುಕೊಂಡು, ಬಟ್ಟಲು ಬಿಚ್ಚಿ ತೊಳೆದುಕೊಂಡು ಡ್ಯೂಟಿಗೆ ಹೋಗಿದ್ದಳು. ಹೇಗೆ ಬಿಚ್ಚುವುದೆಂದು ಆ ಪಂಕ್ಚರಿನವನೇ ತೋರಿಸಿಕೊಟ್ಟನಂತೆ. ಆಮೇಲೂ ಹಾಗೆ ಎಷ್ಟೋ ಸಲ ಮಾಡಿದ್ದಳು. ಟ್ಯಾಂಕು ಪೂರಾ ಕೆಟ್ಟು ಅವಳ ಕೈಯಲ್ಲಿ ಆಗದಿದ್ದಾಗ ಮಾತ್ರ ಗಾಡಿ ನನ್ನ ತನಕ ಬಂದಿತ್ತು. ಸೈಲೆನ್ಸರ್ ಬಿಚ್ಚುವುದು ಅವಳಿಗೆ ಗೊತ್ತಿರಲಿಲ್ಲ.

ನನಗೇಕೆ ಹೇಳಲಿಲ್ಲ ಎಂದು ಅವಳ ಮೇಲೂ ರೇಗಿದೆ. ಅವಳು ನನ್ನನ್ನೇ ನೋಡಿ ಹೇಳಿದಳು:

"ನೀ ಹಿಂಗ ಬರ್ತಿ ಅಂತನ ಹೇಳಲಿಲ್ಲ. ಜಗಳ ಅಂದ ಕೂಡ್ಲೆ ಮೊದಲ ಬಂದ್ ಆಗೂದು ನನ್ನ ಡ್ಯೂಟಿ."

ಅಷ್ಟು ಹೇಳಿ ನನ್ನ ಕೈಯಿಂದ ಚಾವಿ ತೆಗೆದುಕೊಂಡಳು, ಗಾಡಿ ಶುರು ಮಾಡಿ ರಾಯಚೂರಿನ ಕಡೆ ಹೊರಟುಹೋದಳು. ಅಂಗಳದಲ್ಲಿ ನಾನು, ಅವಳ ಗಂಡ, ಅತ್ತೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು. ನಾನು ರಸ್ತೆಗೆ ಬಂದು ಸಿರವಾರದ ಬಸ್ಸು ಹಿಡಿದೆ.

ಮಾತು ಹಿರಿಯರ ತನಕ ಹೋಯಿತು. ನಮ್ಮೂರಲ್ಲಿ, ನಮ್ಮ ಅವ್ವನ ಮನೆಯಲ್ಲಿ ಕೂಡಿದೆವು. ಅವರ ಕಡೆಯಿಂದ ತಂಗಿಯ ಗಂಡನ ದೊಡ್ಡಪ್ಪ, ನಿವೃತ್ತ ಮಾಸ್ತರರು. ಅಪ್ಪ ಈಗಿಲ್ಲ, ನಮ್ಮ ಕಡೆಯಿಂದ ಸೋದರಮಾವ. ನಡೆದದ್ದನ್ನು ನಾನು ಮೊದಲಿನಿಂದ ಹೇಳಿದೆ. ನೀರು, ಮಣ್ಣು, ಬಟ್ಟೆ ಎಂದು ಹೇಳುತ್ತ ಹೋದಂತೆ ಹಿರಿಯರ ತುಟಿಯಂಚಿನಲ್ಲಿ ನಗೆ ಕಂಡೆ. ಹೇಳಿ ಮುಗಿಸುವಷ್ಟರಲ್ಲಿ ಸೋದರಮಾವ ನಕ್ಕೇಬಿಟ್ಟ. ಗಂಡಹೆಂಡಿರ ಹುಡುಗಾಟ, ಇದಕ್ಕೆ ಪಂಚಾಯ್ತಿ ಯಾಕೆ ಎಂದ. ಮಾಸ್ತರರು, ಹುಡುಗನಿಗೆ ಹೆಂಡತಿ ಮನೆಯಲ್ಲಿರಲಿ ಎಂಬ ಆಸೆ, ಅದು ಪ್ರೀತಿಯೇ ತಾನೆ ಎಂದರು. ಆ ರಾತ್ರಿಪಾಳಿ ಹಗಲುಪಾಳಿ ಯಾವ ಗಂಡನಿಗೆ ಚಂದ ಎಂದು ಕೇಳಿದವಳು ಬೇರೆ ಯಾರೂ ಅಲ್ಲ, ನಮ್ಮ ಅವ್ವ. ಕಂಡವರ ಹೊಲದಲ್ಲಿ ಬಿಸಿಲುಂಡು ಆ ಮಗಳನ್ನು ಓದಿಸಿದ ನಮ್ಮ ಅವ್ವ.

ಅಂದು ನನಗೆ ಬಂದಂಥ ಸಿಟ್ಟು ಕಲ್ಮಲದ ಅಂಗಳದಲ್ಲೂ ಬಂದಿರಲಿಲ್ಲ. ಅವನು ಅವಳ ಕಾಲು ಮುರಿದಿದ್ದರೆ ಈ ಜನ ಎದ್ದು ನಿಲ್ಲುತ್ತಿದ್ದರು. ಕಾಲಿನ ಬದಲು ಗಾಡಿ ಮುರಿದ, ನಗುತ್ತಿದ್ದಾರೆ. ದಿನಾ ಬೆಳಿಗ್ಗೆ ಈವತ್ತು ಮುಟ್ಟುತ್ತೇನೋ ಇಲ್ಲವೋ ಎಂದು ಹೆದರಿ ಹೊರಡುವುದು, ನಡುದಾರಿಯಲ್ಲಿ ಲಾರಿಗಳ ಗಾಳಿಗೆ ಮೈಯೊಡ್ಡಿ ಪೆಟ್ರೋಲಿನ ಕೈಯಲ್ಲಿ ನಿಲ್ಲುವುದು, ತಡವಾಗಿ ಹೋಗಿ ಬೈಸಿಕೊಳ್ಳುವುದು, ತಿರುಗಿ ಬಂದು ಅದನ್ನು ಮಾಡಿದವನಿಗೇ ರೊಟ್ಟಿ ಬಡಿದು ಹಾಕುವುದು, ಇದು ಹುಡುಗಾಟವಂತೆ. ನಾನು ಎದ್ದು ನಿಂತು ಹಾಗೆಯೇ ಅಂದೆ. ಸೋದರಮಾವ ಕೂಡಲೇ, ಕೂತುಕೋ, ನಿನಗೆ ಯಾವಾಗಲೂ ಮೂಗಿನ ತುದಿಗೇ ಸಿಟ್ಟು ಎಂದ. ನನ್ನ ಮಾತು ಅಲ್ಲಿಗೆ ಮುಗಿಯಿತು. ಸಿಟ್ಟಿನವನ ಮಾತಿಗೆ ಬೆಲೆ ಕೊಡಬೇಕಾಗಿಲ್ಲವಲ್ಲ.

ಮಾಸ್ತರರು ತೀರ್ಪಿನ ಧಾಟಿಯಲ್ಲಿ ಹೇಳಿದರು: ಈ ಮೊಪೆಡ್ ಮಾರಿಬಿಡಿ, ಜಗಳದ ಬೇರೇ ಹೋಗಲಿ, ಗಂಡನೇ ತನ್ನ ಬೈಕಿನಲ್ಲಿ ಅವಳನ್ನು ಬಿಟ್ಟು ಕರೆತರಲಿ, ಅವನಿಗೆ ಬಿಡುವಾದ ದಿನ ಮಾತ್ರ ಅವಳು ಕೆಲಸಕ್ಕೆ ಹೋಗಲಿ. ಎಲ್ಲರೂ ತಲೆಯಾಡಿಸಿದರು. ಗಂಡ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ದುಡಿಮೆಯಲ್ಲಿ ಕೂತು ತಿನ್ನುತ್ತೀಯಾ ಎಂದು ಅಂಗಡಿಗೆ ಬಂದವರು ಚೇಷ್ಟೆ ಮಾಡುತ್ತಾರೆ, ಅದು ತಡೆಯಲಾಗಲಿಲ್ಲ ಎಂದಷ್ಟೇ ಅಂದ.

ಅಲ್ಲಿಯವರೆಗೆ ತಂಗಿ ಬಾಗಿಲಿಗೆ ಒರಗಿ ನಿಂತು ಸುಮ್ಮನೆ ಕೇಳುತ್ತಿದ್ದಳು. ಈಗ ಒಳಗೆ ಬಂದಳು. ದನಿ ಏರಿಸಲಿಲ್ಲ.

"ಗಾಡಿ ಮಾರಂಗಿಲ್ಲ. ರಾಯಚೂರಾಗ ನಮ್ಮ ದವಾಖಾನಿ ಸಿಸ್ಟರ್ ಒಬ್ರ ಜೋಡಿ ರೂಮ್ ನೋಡೀನಿ. ನಾಳಿಗೆ ಅಲ್ಲಿಗೆ ಹೋಗ್ತೀನಿ. ಅವರಿಗೆ ನಾ ಬೇಕಂದ್ರ ಅಲ್ಲಿಗೆ ಬರ್ಲಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಸ್ತರರು ಏನೋ ಹೇಳಹೋದರು. ಅವಳು ಅವರಿಗೆ ಬಗ್ಗಿ ನಮಸ್ಕಾರ ಮಾಡಿ, ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ಮಾರನೆಯ ದಿನ ಹೇಳಿದ ಹಾಗೆಯೇ ಮಾಡಿದಳು. ಅವಳ ಟ್ರಂಕು ಸಾಗಿಸಿದವನು ನಾನು. ಅವಳಿಗೆ ಸೈಲೆನ್ಸರ್ ಬಿಚ್ಚುವುದನ್ನೂ ಅಂದೇ ಹೇಳಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು.

ಅಲ್ಲಿಗೆ ಕಥೆ ಮುಗಿದಿದ್ದರೆ ನನಗೆ ನೆಮ್ಮದಿ ಇರುತ್ತಿತ್ತು. ಆದರೆ ಕೆಲವು ತಿಂಗಳ ಮೇಲೆ ಅವಳ ಗಂಡ ರಾಯಚೂರಿಗೆ ಹೋದ. ಒಂದು ಸಲವಲ್ಲ, ವಾರ ವಾರವೂ ಹೋದನಂತೆ. ಅವಳು ಮೊದಮೊದಲು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ಆಮೇಲೆ ಒಳಗೆ ಕರೆದಳು. ಈಗ ಇಬ್ಬರೂ ಸ್ಟೇಷನ್ನಿನ ಆಚೆ ಒಂದು ಸಣ್ಣ ಮನೆ ಹಿಡಿದಿದ್ದಾರೆ. ದಿನಾ ಕಲ್ಮಲಕ್ಕೆ ಹೋಗಿ ಬರುವವನು ಅವನು. ಮೊಪೆಡ್ಡಿನ ಚಾವಿ ಅವಳ ಬ್ಯಾಗಿನಲ್ಲಿರುತ್ತದೆ, ಗಾಡಿ ರಾತ್ರಿ ಮನೆಯ ಮುಂದಲ್ಲ, ಆಸ್ಪತ್ರೆಯ ಆವರಣದಲ್ಲೇ ನಿಲ್ಲುತ್ತದೆ, ಅವಳು ಅಲ್ಲಿಂದ ನಡೆದು ಬರುತ್ತಾಳೆ. ಅದಕ್ಕೆ ಅವನು ಚಕಾರ ಎತ್ತಿಲ್ಲವಂತೆ. ಎಲ್ಲ ಸುಸೂತ್ರವಾಯಿತು ಎಂದು ಅವ್ವ ಊರಲ್ಲಿ ಹೇಳಿಕೊಳ್ಳುತ್ತಾಳೆ. ಸೋದರಮಾವ ತನ್ನ ಪಂಚಾಯ್ತಿಯಿಂದಲೇ ಆಯಿತು ಎನ್ನುತ್ತಾನೆ. ಬಂಕಿನವನಿಗೆ ನಾನು ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವನು ನನ್ನನ್ನು ಮರೆತೇಬಿಟ್ಟಿದ್ದ.

ಸ್ಪೇರ್ ತರಲು ರಾಯಚೂರಿಗೆ ಹೋದಾಗ ನಾನು ಅವರ ಮನೆಗೂ ಹೋಗುತ್ತೇನೆ. ಅವನೇ ಚಹಾ ಮಾಡಿ ತರುತ್ತಾನೆ. ತಂಗಿ ಅವನೊಂದಿಗೆ ನಗುತ್ತ ಮಾತಾಡುತ್ತಾಳೆ. ಅವನ ಮೆದು ದನಿ ಕೇಳಿದರೆ ಕೈ ಬಿಗಿಯಾಗುತ್ತದೆ. ಹೋದ ತಿಂಗಳು ಅರ್ಧ ಕಪ್ಪು ಬಿಟ್ಟು ಎದ್ದೆ. ಬಸ್ ಸ್ಟ್ಯಾಂಡಿನ ತನಕ ತಂಗಿ ಜೊತೆಗೆ ಬಂದಳು. ಅವಳಿಗೆ ಮಧ್ಯಾಹ್ನದ ಪಾಳಿಯಿತ್ತು. ನಡೆಯುತ್ತ ಹೇಳಿದಳು:

"ಅಣ್ಣಾ, ನೀ ಬಂದಾಗೊಮ್ಮೆ ಮಾರಿ ಗಂಟು ಹಾಕ್ಕೊಂಡು ಕುಂದರ್ತಿ. ನನಗ ಕಷ್ಟ ಆಗ್ತದ."

ಏನು ಮಾಡಲಿ, ಸಿಟ್ಟು ಇಳಿಯುವುದಿಲ್ಲ ಎಂದೆ. ನಿನಗೆ ಇಳಿಯಿತೇ ಎಂದು ಕೇಳಿದೆ. ಅವಳು ಸೀರೆಯ ನೆರಿಗೆ ಸರಿ ಮಾಡಿಕೊಂಡು, ಮಾನ್ವಿಯ ಬಸ್ಸು ಪ್ಲಾಟ್‌ಫಾರಮ್ಮಿಗೆ ಹಚ್ಚಿದ್ದಾರೆ ನೋಡು, ಸೀಟು ಸಿಗಲಿಕ್ಕಿಲ್ಲ, ಹತ್ತು ಎಂದಳು. ನಾನು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಆಗಲೇ ಗಾಡಿ ನಿಂತಿದ್ದ ಆಸ್ಪತ್ರೆಯ ಕಡೆ ಬಿರಬಿರ ನಡೆಯುತ್ತಿದ್ದಳು.